ಒಂದು ಕಿಲೋ ಅರಳೆ ಎಷ್ಟು ಕಿಲೋಮೀಟರ್?

ಹತ್ತಿ ಬಿಡಿಸೋ ಕಾಲ ಬಂತಂದ್ರೆ ನಮ್ಮ ಹೊಳಗುಂದದ ಕಡೆ ತರಗತಿಯ ಹಿಂದಿನ ಬೆಂಚುಗಳು ಖಾಲಿಯಾಗ್ತವೆ. ಶಾಲೆಗೆ ಬಂದ ಮಕ್ಕಳ ಅಂಗಿ ಮೇಲೂ ತಲೆ ಮೇಲೂ ಹತ್ತಿ ಎಳೆ ಅಂಟಿಕೊಂಡಿರ್ತದೆ. ಅಂಥ ಒಂದು ದಿನ ಒಂಬತ್ತನೇ ತರಗತಿಯಲ್ಲಿ ಉದ್ದದ ಏಕಮಾನಗಳ ಪಾಠ ನಡೆದಿತ್ತು. ಮುಂದೆ ಕೂತಿದ್ದ ಹುಡುಗನ ತೋಳಿನ ಮೇಲಿದ್ದ ಒಂದು ಎಳೆ ತೆಗೆದು ಸ್ಕೇಲಿನ ಮೇಲೆ ನೀಟಾಗಿ ಎಳೆದಿಟ್ಟೆ. 28 ಮಿಲಿಮೀಟರ್ ಬಂತು. “ಇದು ಎಷ್ಟು ಮೈಕ್ರೋಮೀಟರ್? ಬರೀರಿ” ಅಂದೆ.

ಅರ್ಧ ತರಗತಿ ಬರೆದದ್ದು 0.028 ಮೈಕ್ರೋಮೀಟರ್.

ಯಾಕಪ್ಪಾ ಹೀಗೆ ಅಂತ ಕೇಳಿದರೆ ಒಬ್ಬ ಎದ್ದು ನಿಂತು ಹೇಳಿದ: “ಮೈಕ್ರೋ ಅಂದ್ರೆ ಭಾಳ ಚಿಕ್ಕದಲ್ಲ ಸಾರ್, ಅದಕ್ಕೆ ಉತ್ತರಾನೂ ಚಿಕ್ಕದಾಗಬೇಕು.” ಅವನು ಹೇಳಿದ್ದು ಕೇಳೋಕೆ ಸರಿಯಾಗಿಯೇ ಇದೆ. ಅವನೊಬ್ಬನದೇ ಅಲ್ಲ, ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ನಾನು ನೋಡುವ ತಪ್ಪುಗಳಲ್ಲಿ ಹೆಚ್ಚಿನವು ಇದೇ ಯೋಚನೆಯಿಂದ ಹುಟ್ಟಿದವು. 1000 ಅನ್ನೋದು ಎಲ್ಲರಿಗೂ ಗೊತ್ತಿರ್ತದೆ. ಗುಣಿಸಬೇಕೋ ಭಾಗಿಸಬೇಕೋ ಅನ್ನೋದು ಗೊತ್ತಿರೋದಿಲ್ಲ.

ಆ ಉತ್ತರವನ್ನು ಒಂದು ಕ್ಷಣ ನಂಬಿ ನೋಡೋಣ. ಕೊರೊನಾ ವೈರಸ್ಸಿನ ಅಡ್ಡಳತೆ ಸುಮಾರು 0.1 ಮೈಕ್ರೋಮೀಟರ್. ಹಾಗಾದರೆ ಸ್ಕೇಲಿನ ಮೇಲೆ ಕಣ್ಣಿಗೆ ಕಾಣುತ್ತಾ ಮಲಗಿರೋ ಈ ಎಳೆಯ ಉದ್ದ ಕೊರೊನಾ ವೈರಸ್ಸಿಗಿಂತ ಕಡಿಮೆ ಆಯ್ತು! ತರಗತಿ ನಕ್ಕಿತು. ನಗು ಬಂದ ಮೇಲೆ ತಪ್ಪು ತಾನೇ ಸಿಕ್ಕಿಬಿತ್ತು.

ಮನೆಯಲ್ಲಿ ಡ್ರಮ್ಮಿಗೆ ನೀರು ತುಂಬೋದನ್ನ ನೆನಪು ಮಾಡ್ಕೊಳ್ಳಿ. ಕೊಡದಲ್ಲಿ ಹೊತ್ತು ತಂದರೆ ಹತ್ತು ಕೊಡಕ್ಕೆ ತುಂಬುವ ಡ್ರಮ್ಮು, ಚರಿಗೆಯಲ್ಲಿ ತಂದರೆ ಹತ್ತಕ್ಕೆ ತುಂಬುತ್ತದೆಯೇ? ನೂರು ಸಲ ಓಡಾಡಬೇಕು. ಡ್ರಮ್ಮು ಅದೇ, ನೀರೂ ಅದೇ. ಅಳೆಯುವ ಪಾತ್ರೆ ಚಿಕ್ಕದಾದಷ್ಟೂ ಎಣಿಕೆ ದೊಡ್ಡದಾಗ್ತದೆ. ಮಿಲಿಮೀಟರ್ ಅನ್ನೋದು ಕೊಡ, ಮೈಕ್ರೋಮೀಟರ್ ಅನ್ನೋದು ಚರಿಗೆ. ಒಂದು ಕೊಡಕ್ಕೆ ಸಾವಿರ ಚರಿಗೆ. ಹಾಗಾಗಿ 28 ಮಿಲಿಮೀಟರ್ ಅಂದ್ರೆ 28,000 ಮೈಕ್ರೋಮೀಟರ್.

ಈ ಎಳೆಯನ್ನು ಇಲ್ಲಿಗೇ ಬಿಡೋದು ಬೇಡ. ಇದರ ಅಗಲ ಸುಮಾರು 15 ಮೈಕ್ರೋಮೀಟರ್, ನಮ್ಮ ತಲೆಗೂದಲಿನ ನಾಲ್ಕೈದರಲ್ಲಿ ಒಂದು ಪಾಲು. ಇನ್ನೊಂದು ವಿಷಯ ಬಹಳ ಮಕ್ಕಳಿಗೆ ಗೊತ್ತಿಲ್ಲ: ಒಂದು ಹತ್ತಿ ಎಳೆ ಅಂದ್ರೆ ಒಂದೇ ಒಂದು ಜೀವಕೋಶ. ಹತ್ತಿಬೀಜದ ಸಿಪ್ಪೆಯ ಮೇಲಿನ ಒಂದು ಕೋಶ ಉದ್ದಕ್ಕೆ ಬೆಳೆದು ಬೆಳೆದು ಎಳೆಯಾಗ್ತದೆ. ಸೂಕ್ಷ್ಮದರ್ಶಕ ಇಲ್ಲದೆ ಕೋಶ ಕಾಣೋದಿಲ್ಲ ಅಂತ ಆರನೇ ತರಗತಿಯಿಂದ ಹೇಳ್ತಾ ಬಂದಿದ್ದೇವೆ, ಆದರೆ ಇಲ್ಲಿ ಸ್ಕೇಲಿಟ್ಟು ಅಳೆಯಬಹುದಾದ ಕೋಶ ನಿಮ್ಮ ಅಂಗಿ ಮೇಲೇ ಕೂತಿರ್ತದೆ.

15 ಮೈಕ್ರೋಮೀಟರ್ ಅಗಲ, 28 ಮಿಲಿಮೀಟರ್ ಉದ್ದ: ಇದು ಮನಸ್ಸಿಗೆ ಹಿಡಿಯೋದಿಲ್ಲ, ಯಾಕಂದ್ರೆ ಎರಡೂ ಬೇರೆ ಬೇರೆ ಏಕಮಾನದಲ್ಲಿವೆ. ಎರಡನ್ನೂ ಸಾವಿರ ಪಟ್ಟು ದೊಡ್ಡದು ಮಾಡಿ ನೋಡಿ. 15 ಮೈಕ್ರೋಮೀಟರ್ ಹೋಗಿ 15 ಮಿಲಿಮೀಟರ್ ಆಯ್ತು, ಅಂದ್ರೆ ಒಂದೂವರೆ ಸೆಂಟಿಮೀಟರ್. 28 ಮಿಲಿಮೀಟರ್ ಹೋಗಿ 28 ಮೀಟರ್ ಆಯ್ತು. ಒಂದೂವರೆ ಸೆಂಟಿಮೀಟರ್ ದಪ್ಪ, 28 ಮೀಟರ್ ಉದ್ದ. ಇದು ಬಾವಿ ಹಗ್ಗ! ಒಂದು ಹತ್ತಿ ಎಳೆಯ ಆಕಾರ ಹೆಚ್ಚುಕಡಿಮೆ ನಮ್ಮ ಬಾವಿ ಹಗ್ಗದ ಆಕಾರವೇ.

ಈಗ ಒಂದು ಏಣಿ ಬರೆದುಕೊಳ್ಳಿ. ಮಧ್ಯದ ಮೆಟ್ಟಿಲು ಮೀಟರ್, ಅದಕ್ಕೆ 0 ಅಂತ ನಂಬರ್ ಹಾಕಿ. ಮೇಲಕ್ಕೆ ಹೋದರೆ ಕಿಲೋ 3, ಮೆಗಾ 6, ಗಿಗಾ 9, ಟೆರಾ 12, ಪೆಟಾ 15. ಕೆಳಕ್ಕೆ ಇಳಿದರೆ ಮಿಲಿ −3, ಮೈಕ್ರೋ −6, ನ್ಯಾನೋ −9, ಪಿಕೋ −12, ಫೆಮ್ಟೋ −15. ಈ ನಂಬರುಗಳು ಬೇರೇನೂ ಅಲ್ಲ, ಹತ್ತರ ಘಾತಾಂಕಗಳು. ಕಿಲೋಮೀಟರ್ ಅಂದ್ರೆ 10³ ಮೀಟರ್, ನ್ಯಾನೋಮೀಟರ್ ಅಂದ್ರೆ 10⁻⁹ ಮೀಟರ್. ಏಣಿ ಇಲ್ಲಿಗೇ ಮುಗಿಯೋದಿಲ್ಲ. 2022ರ ನವೆಂಬರ್‌ನಲ್ಲಿ ಜಗತ್ತಿನ ತೂಕ-ಅಳತೆಗಳ ಮಹಾಸಭೆ ಮೇಲೆ ಎರಡು, ಕೆಳಗೆ ಎರಡು ಹೊಸ ಮೆಟ್ಟಿಲು ಸೇರಿಸಿತು: ರೊನ್ನಾ 27, ಕ್ವೆಟ್ಟಾ 30, ರೊಂಟೋ −27, ಕ್ವೆಕ್ಟೋ −30. ಪರೀಕ್ಷೆಗೆ ಇವು ಬೇಕಿಲ್ಲ, ಹೆಸರು ಮಾತ್ರ ಗೊತ್ತಿರಲಿ.

ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಹೋಗೋಕೆ ಒಂದೇ ಕಳೆಯುವ ಲೆಕ್ಕ ಸಾಕು. ಈಗಿರುವ ಮೆಟ್ಟಿಲಿನ ನಂಬರಿನಿಂದ ಹೋಗಬೇಕಾದ ಮೆಟ್ಟಿಲಿನ ನಂಬರು ಕಳೀರಿ. ಬಂದದ್ದು ಹತ್ತರ ಘಾತಾಂಕ, ಅದರಿಂದ ಗುಣಿಸಿ. ಮಿಲಿಯಿಂದ ಮೈಕ್ರೋಗೆ: −3 − (−6) = 3, ಅಂದ್ರೆ 10³ ಇಂದ ಗುಣಿಸಬೇಕು. ಕಿಲೋಮೀಟರಿಂದ ನ್ಯಾನೋಮೀಟರಿಗೆ: 3 − (−9) = 12. ಇಲ್ಲೇ ಕಾಲು ಜಾರೋದು. ಕಳೆಯುವ ಚಿಹ್ನೆ ಪಕ್ಕ ಇನ್ನೊಂದು ಕಳೆಯುವ ಚಿಹ್ನೆ ಕಂಡ ಕೂಡಲೇ ಒಂದನ್ನು ನುಂಗಿ 3 − 9 = −6 ಅಂತ ಬರೆಯೋರು ಬಹಳ. ಮೂರನೇ ಮಹಡಿಯಿಂದ ನೆಲಮಾಳಿಗೆಯ ಒಂಬತ್ತನೇ ಅಂತಸ್ತಿಗೆ ಇಳಿದರೆ ಎಷ್ಟು ಅಂತಸ್ತು ಇಳಿದಂಗಾಯ್ತು? ಹನ್ನೆರಡು. ಆರಲ್ಲ.

ಇನ್ನೊಂದು ಎಚ್ಚರಿಕೆ ಸೆಂಟಿಮೀಟರ್ ಬಗ್ಗೆ. ಮಿಕ್ಕ ಮೆಟ್ಟಿಲುಗಳು ಮೂರು ಮೂರು ಹಾರಿಕೊಂಡು ಹೋದರೆ ಸೆಂಟಿ ಮಾತ್ರ −2ರಲ್ಲಿ ಕೂತಿದೆ. ದಿನಾ ಬಳಸೋದೂ ಅದನ್ನೇ, ಎಡವೋದೂ ಅಲ್ಲೇ. ಸೆಂಟಿಮೀಟರಿಂದ ಕಿಲೋಮೀಟರಿಗೆ −2 − 3 = −5. ಮೂರೂ ಅಲ್ಲ, ಆರೂ ಅಲ್ಲ, ಐದು.

ಏಣಿ ಕೈಯಲ್ಲಿದೆ, ಸ್ವಲ್ಪ ಕೆಳಕ್ಕೆ ಇಳಿಯೋಣ. ಹತ್ತಿ ಎಳೆಯ ಬಹುಪಾಲು ಸೆಲ್ಯುಲೋಸ್. ಸೆಲ್ಯುಲೋಸ್ ಅಂದ್ರೆ ಗ್ಲೂಕೋಸ್ ಘಟಕಗಳ ಸರಪಳಿ, ಅದರಲ್ಲಿ ಎರಡೆರಡು ಗ್ಲೂಕೋಸ್ ಸೇರಿದ ಒಂದು ಕೊಂಡಿಯ ಉದ್ದ ಸುಮಾರು 1 ನ್ಯಾನೋಮೀಟರ್. ನಮ್ಮ 28 ಮಿಲಿಮೀಟರನ್ನು ನ್ಯಾನೋಮೀಟರಿಗೆ ತಂದರೆ −3 − (−9) = 6, ಅಂದ್ರೆ 28 × 10⁶. ಇಂಥ ಕೊಂಡಿಗಳನ್ನು ಒಂದರ ಹಿಂದೊಂದು ನೇರ ನಿಲ್ಲಿಸಿದರೆ ಒಂದು ಎಳೆಯ ಉದ್ದಕ್ಕೆ 2 ಕೋಟಿ 80 ಲಕ್ಷ ಬೇಕು. ಆ ಕೊಂಡಿಯೊಳಗೆ ಎರಡು ಕಾರ್ಬನ್ ಪರಮಾಣುಗಳ ನಡುವಿನ ಬಂಧ ಸುಮಾರು 154 ಪಿಕೋಮೀಟರ್, ಅಂದ್ರೆ 0.154 ನ್ಯಾನೋಮೀಟರ್. ಇಲ್ಲಿ ಮಾತ್ರ ಸಂಖ್ಯೆ ಚಿಕ್ಕದಾಯ್ತು ನೋಡಿ. ಪಿಕೋ ಚರಿಗೆಯಿಂದ ನ್ಯಾನೋ ಕೊಡಕ್ಕೆ ಹೋದೆವು.

ಇದೆಲ್ಲ ಪುಸ್ತಕದ ಲೆಕ್ಕ, ಹೊಲಕ್ಕೇನು ಸಂಬಂಧ ಅಂತೀರಾ? ಆದೋನಿ ಮಾರ್ಕೆಟ್ ಯಾರ್ಡಿಗೆ ಹತ್ತಿ ಹಾಕೋಕೆ ಅಪ್ಪನ ಜೊತೆ ಹೋದವರು ನೋಡಿರ್ತೀರಿ. ಖರೀದಿದಾರರು ಒಂದು ಹಿಡಿ ಹತ್ತಿ ತಗೊಂಡು ಎರಡೂ ಕೈಯ ಹೆಬ್ಬೆರಳಲ್ಲಿ ಹಿಂಜಿ ಎಳೆಯ ಉದ್ದ ನೋಡ್ತಾರೆ. ಸರ್ಕಾರ ಹತ್ತಿಗೆ ಬೆಂಬಲ ಬೆಲೆ ಹೇಳುವಾಗಲೂ ಎರಡು ಮುಖ್ಯ ವರ್ಗಕ್ಕೆ ಹೇಳ್ತದೆ. ಮಧ್ಯಮ ಎಳೆ ಅಂದ್ರೆ 24.5ರಿಂದ 25.5 ಮಿಲಿಮೀಟರ್, ಉದ್ದ ಎಳೆ ಅಂದ್ರೆ 29.5ರಿಂದ 30.5 ಮಿಲಿಮೀಟರ್. 2025-26ನೇ ಸಾಲಿಗೆ ಮೊದಲನೆಯದಕ್ಕೆ ಕ್ವಿಂಟಾಲಿಗೆ 7,710 ರೂಪಾಯಿ, ಎರಡನೆಯದಕ್ಕೆ 8,110. ಉಳಿದ ವರ್ಗಗಳ ಬೆಲೆಯನ್ನು ಇವುಗಳ ಆಧಾರದ ಮೇಲೆ ನಿಗದಿ ಮಾಡ್ತಾರೆ. ಅಂದ್ರೆ 5 ಮಿಲಿಮೀಟರ್ ಉದ್ದಕ್ಕೆ ಕ್ವಿಂಟಾಲಿಗೆ 400 ರೂಪಾಯಿ ವ್ಯತ್ಯಾಸ. ಹತ್ತು ಕ್ವಿಂಟಾಲ್ ಹಾಕಿದ ಮನೆಗೆ ಅದು 4,000 ರೂಪಾಯಿ. ನಿಮ್ಮ ಕಂಪಾಸ್ ಬಾಕ್ಸಿನ ಸ್ಕೇಲಿನಲ್ಲಿ ಐದು ಸಣ್ಣ ಗೆರೆ ಎಷ್ಟು ಅಂತ ಒಮ್ಮೆ ತೆಗೆದು ನೋಡಿ.

ಈ ಅಳತೆ ನೀವೇ ಮಾಡಬಹುದು. ಬೀಜ ಇರುವ ಒಂದು ಹತ್ತಿ ತಗೊಳ್ಳಿ. ಬೀಜವನ್ನು ಹಿಡಿದು ಸುತ್ತಲಿನ ಎಳೆಗಳನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಮೆಲ್ಲಗೆ ಎರಡೂ ಕಡೆಗೆ ಬಾಚಿ, ಚಿಟ್ಟೆಯ ರೆಕ್ಕೆ ತರ ಹರಡಿ ಕಪ್ಪು ಸ್ಲೇಟಿನ ಮೇಲೆ ಇಡಿ. ಬೀಜದ ಅಂಚಿನಿಂದ ಎಳೆಗಳು ದಟ್ಟವಾಗಿರುವ ಕೊನೆಯವರೆಗೆ ಅಳೀರಿ. ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಚಾಚಿಕೊಂಡ ಎಳೆ ಲೆಕ್ಕಕ್ಕೆ ಬೇಡ. ಹತ್ತು ಬೀಜ ಅಳೆದು ಸರಾಸರಿ ತೆಗೀರಿ. ಹತ್ತಿ ತಳಿ ಬೆಳೆಸುವ ವಿಜ್ಞಾನಿಗಳೂ ಇಂಥದೇ ವಿಧಾನ ಬಳಸಿದವರು. ಧಾರವಾಡದ ಕೃಷಿ ವಿಜ್ಞಾನಿಗಳು ತೆಗೆದ ಡಿಸಿಎಚ್-32, ಅಂದ್ರೆ ಜಯಲಕ್ಷ್ಮಿ, ಅತಿ ಉದ್ದ ಎಳೆಯ ಹತ್ತಿ. ಆ ತಳಿಯ ಹತ್ತಿ ಯಾರ ಮನೆಯಲ್ಲಾದರೂ ಸಿಕ್ಕರೆ ಪಕ್ಕಪಕ್ಕ ಇಟ್ಟು ಅಳೆದು ನೋಡಿ.

ಉದ್ದ ಆಯ್ತು, ದಪ್ಪ? ಅದಕ್ಕೆ ಹತ್ತಿ ವ್ಯಾಪಾರದಲ್ಲಿ ಮೈಕ್ರೊನೇರ್ ಅನ್ನೋ ಅಳತೆ ಇದೆ. ಗೊತ್ತಾದ ತೂಕದ ಅರಳೆಯನ್ನು ಒಂದು ಸಣ್ಣ ಕೋಣೆಯಲ್ಲಿ ಒತ್ತಿ ತುಂಬಿ ಅದರ ಮೂಲಕ ಗಾಳಿ ಹಾಯಿಸ್ತಾರೆ. ಎಳೆ ಸಣ್ಣ ಇದ್ದಷ್ಟೂ ಅದೇ ತೂಕದಲ್ಲಿ ಎಳೆಗಳ ಮೈ ಹೆಚ್ಚು, ಗಾಳಿಗೆ ದಾರಿ ಕಷ್ಟ. ಇದರಿಂದ ಬರುವ ಅಂಕಿಯ ಅರ್ಥ ಸರಳ: ಮೈಕ್ರೊನೇರ್ 4 ಅಂದ್ರೆ ಒಂದು ಇಂಚು ಉದ್ದದ ಎಳೆಯ ತೂಕ ಸುಮಾರು 4 ಮೈಕ್ರೋಗ್ರಾಂ. ಒಂದು ಕಡೆ ಮೈಕ್ರೋಗ್ರಾಂ, ಇನ್ನೊಂದು ಕಡೆ ಇಂಚು, ಇದೂ ಒಂದು ಮಿಶ್ರತಳಿಯೇ! ನಮ್ಮ ದೇಶ ಮೆಟ್ರಿಕ್ ಪದ್ಧತಿಗೆ ಕಾನೂನು ಮಾಡಿದ್ದು 1956ರಲ್ಲಿ. ಆದರೂ ಹತ್ತಿ ಲೋಕದಲ್ಲಿ ಇಂಚು, ಗಜ, ಪೌಂಡು ಇನ್ನೂ ಓಡಾಡಿಕೊಂಡೇ ಇವೆ.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಬೀಜ ತೆಗೆದ ಹತ್ತಿ, ಅಂದ್ರೆ ಅರಳೆ, ಒಂದು ಕಿಲೋ ಇದೆ. ಮೈಕ್ರೊನೇರ್ 4. ಅದರ ಎಳೆಗಳನ್ನೆಲ್ಲ ತುದಿಗೆ ತುದಿ ಮುಟ್ಟಿಸಿ ಸಾಲಾಗಿ ಇಟ್ಟರೆ ಎಷ್ಟು ದೂರ ಹೋಗ್ತದೆ? ಲೆಕ್ಕ ಮಾಡೋಕೆ ಮುಂಚೆ ಊಹಿಸಿ ಅಂದೆ. “ಆದೋನಿ ತನಕ ಸಾರ್” ಅಂದ ಒಬ್ಬ. “ಕರ್ನೂಲು” ಅಂದಳು ಇನ್ನೊಬ್ಬಳು. ಧೈರ್ಯ ಮಾಡಿ ಹೈದರಾಬಾದ್ ತನಕ ಹೋದವರು ಇಬ್ಬರು.

ಒಂದು ಕಿಲೋಗ್ರಾಂ ಅಂದ್ರೆ 10⁹ ಮೈಕ್ರೋಗ್ರಾಂ. ತೂಕಕ್ಕೂ ಅದೇ ಏಣಿ, 3 − (−6) = 9. ಇಂಚಿಗೆ 4 ಮೈಕ್ರೋಗ್ರಾಂ ಆದರೆ 10⁹ ÷ 4 = 25 ಕೋಟಿ ಇಂಚು. ಇಂಚಿಗೆ 2.54 ಸೆಂಟಿಮೀಟರ್, ಆದ್ದರಿಂದ 63.5 ಕೋಟಿ ಸೆಂಟಿಮೀಟರ್, ಅಂದ್ರೆ 6.35 × 10⁸. ಕಿಲೋಮೀಟರಿಗೆ ತರೋಕೆ ಘಾತಾಂಕದಲ್ಲಿ 5 ಕಳೀಬೇಕು. ಉಳಿದದ್ದು 6.35 × 10³.

6,350 ಕಿಲೋಮೀಟರ್.

ತರಗತಿ ನಂಬಲಿಲ್ಲ. ಸೊನ್ನೆ ತಪ್ಪಿದೆ ಅಂತ ಇನ್ನೆರಡು ಸಲ ಮಾಡಿದರು. ಬೋರ್ಡಿನ ಪಕ್ಕ ಭೂಮಿಯ ತ್ರಿಜ್ಯ ಬರೆದೆ: 6,371 ಕಿಲೋಮೀಟರ್. ಒಂದು ಕಿಲೋ ಅರಳೆಯ ಎಳೆಗಳು ನಮ್ಮ ಕಾಲಡಿಯಿಂದ ಭೂಮಿಯ ನಡುಮಧ್ಯದ ಹತ್ತಿರ ಹತ್ತಿರಕ್ಕೆ ಮುಟ್ಟುತ್ತವೆ. ಇದು ಕಾಕತಾಳೀಯ ಅಷ್ಟೇ. ಮೈಕ್ರೊನೇರ್ 5 ಇದ್ದರೆ 5,080 ಕಿಲೋಮೀಟರ್ ಬರ್ತಿತ್ತು. ಆದರೆ ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಅಂತ ಗುಂಡಾಗಿ ಬರೋದು ಕಾಕತಾಳೀಯ ಅಲ್ಲ. 1790ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಉತ್ತರ ಧ್ರುವದಿಂದ ಸಮಭಾಜಕದವರೆಗಿನ ದೂರವನ್ನು ಒಂದು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲಿಗೆ ಮೀಟರ್ ಅಂತ ಹೆಸರಿಟ್ಟರು. ಕಾಲು ಸುತ್ತು ಒಂದು ಕೋಟಿ ಮೀಟರ್ ಆದರೆ ಪೂರ್ತಿ ಸುತ್ತು ನಾಲ್ಕು ಕೋಟಿ ಮೀಟರ್ ಆಗಲೇಬೇಕು. ಈಗ ಮೀಟರಿನ ವ್ಯಾಖ್ಯೆ ಬದಲಾಗಿದೆ. 1983ರಿಂದ, ನಿರ್ವಾತದಲ್ಲಿ ಬೆಳಕು ಒಂದು ಸೆಕೆಂಡಿನ 29,97,92,458ನೇ ಒಂದು ಪಾಲಿನಲ್ಲಿ ಸಾಗುವ ದೂರವೇ ಮೀಟರ್.

ಬಿಡಿಸಿದ ಹತ್ತಿಯಲ್ಲಿ ಮೂರರಲ್ಲಿ ಒಂದು ಪಾಲು ಅರಳೆ, ಉಳಿದದ್ದು ಹೆಚ್ಚಾಗಿ ಬೀಜ. ಹೊಲದಲ್ಲಿ ಅಮ್ಮ ಒಂದು ದಿನಕ್ಕೆ 30 ಕಿಲೋ ಹತ್ತಿ ಬಿಡಿಸಿದರು ಅಂತ ಇಟ್ಕೊಳ್ಳಿ. ಅದರಲ್ಲಿ ಅರಳೆ 10 ಕಿಲೋ, ಅಂದ್ರೆ 63,500 ಕಿಲೋಮೀಟರ್ ಎಳೆ. ಭೂಮಿಗೆ ಒಂದೂವರೆ ಸುತ್ತಿಗಿಂತ ಹೆಚ್ಚು. ಸಂಜೆ ಸೊಂಟ ನೋವು ಅಂತ ಕೂತ ಅಮ್ಮನಿಗೆ ಈ ಲೆಕ್ಕ ಹೇಳಿ ಬಂದವರೂ ನಮ್ಮ ತರಗತಿಯಲ್ಲಿದ್ದಾರೆ. “ಕೂಲಿ ಮಾತ್ರ ಕಿಲೋ ಲೆಕ್ಕದಾಗೇ ಕೊಡ್ತಾರಲ್ಲಪ್ಪಾ” ಅಂದರಂತೆ ಆ ತಾಯಿ.

ನೂಲಿನ ಲೆಕ್ಕ ನನಗೆ ಇನ್ನೂ ಇಷ್ಟ. ಎಮ್ಮಿಗನೂರು ಕಡೆ ಮಗ್ಗದವರನ್ನು ಕೇಳಿದರೆ ನೂಲಿಗೆ ನಂಬರ್ ಹೇಳ್ತಾರೆ: 20ನೇ ನಂಬರ್, 40ನೇ ನಂಬರ್ ಅಂತ. ಒಂದು ಪೌಂಡ್ ತೂಕದಲ್ಲಿ 840 ಗಜದ ಎಷ್ಟು ಲಡಿ ಬರ್ತವೆಯೋ ಅದೇ ಆ ನಂಬರ್. 40ನೇ ನಂಬರ್ ಅಂದ್ರೆ ಪೌಂಡಿಗೆ 40 × 840 = 33,600 ಗಜ. ಗಜಕ್ಕೆ 0.9144 ಮೀಟರ್, ಪೌಂಡಿಗೆ 0.4536 ಕಿಲೋ. ಲೆಕ್ಕ ಮಾಡಿದರೆ ಒಂದು ಕಿಲೋಗೆ ಸುಮಾರು 67.7 ಕಿಲೋಮೀಟರ್ ನೂಲು. ಈಗ ನೋಡಿ ತಮಾಷೆ. ಒಂದು ಕಿಲೋ ಅರಳೆಯ ಎಳೆ ಬಿಡಿ ಬಿಡಿಯಾಗಿದ್ದಾಗ 6,350 ಕಿಲೋಮೀಟರ್, ನೂಲಾದ ಮೇಲೆ 67.7 ಕಿಲೋಮೀಟರ್. ಉಳಿದ ಉದ್ದ ಎಲ್ಲಿ ಹೋಯ್ತು? ಎಲ್ಲೂ ಹೋಗಿಲ್ಲ, ಎಳೆಗಳು ಪಕ್ಕಪಕ್ಕ ಸೇರಿಕೊಂಡಿವೆ. 6,350 ÷ 67.7 ಅಂದ್ರೆ ಸುಮಾರು 94. ಆ ನೂಲನ್ನು ಎಲ್ಲಿ ಕತ್ತರಿಸಿದರೂ ಅಡ್ಡಕೊಯ್ತದಲ್ಲಿ ಸರಾಸರಿ 94 ಎಳೆ ಸಿಗ್ತವೆ. ಸೂಕ್ಷ್ಮದರ್ಶಕ ಇಲ್ಲ, ನೂಲು ಬಿಚ್ಚಲಿಲ್ಲ, ಬರೀ ಏಕಮಾನ ಬದಲಾಯಿಸಿ ಎಣಿಸಿಬಿಟ್ಟೆವು.

ಏಣಿಯ ಮೇಲಿನ ಮೆಟ್ಟಿಲು ಇನ್ನೂ ಹತ್ತಿಲ್ಲ. ಜಿನ್ನಿಂಗ್ ಮಿಲ್ಲಿನಿಂದ ಹೊರಬರುವ ಒಂದು ಬೇಲ್ ಅರಳೆ 170 ಕಿಲೋ. ಅದರ ಎಳೆಗಳ ಉದ್ದ 170 × 6,350, ಸುಮಾರು 10.8 ಲಕ್ಷ ಕಿಲೋಮೀಟರ್. ಚಂದ್ರ ಸರಾಸರಿ 3,84,400 ಕಿಲೋಮೀಟರ್ ದೂರ. ಅಲ್ಲಿಗೆ 60 ಕಿಲೋ ಚಿಲ್ಲರೆ ಅರಳೆ ಸಾಕು. ಒಂದು ಬೇಲಿನಲ್ಲಿ ಹೋಗಿ ಬಂದು ಇನ್ನೂ ಮೂರು ಲಕ್ಷ ಕಿಲೋಮೀಟರ್ ಮಿಗುತ್ತದೆ.

2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಂದು ಸೇರಿದ ಜಾಗ ನಮ್ಮಿಂದ 15 ಲಕ್ಷ ಕಿಲೋಮೀಟರ್. ಅಂದ್ರೆ ಒಂದೂವರೆ ಬೇಲಿನೊಳಗೆ. ಆಗ ಕೆಲವು ಮಕ್ಕಳು ಪತ್ರಿಕೆಯ ತುಂಡು ತಂದಿದ್ದರು. ಒಂದರಲ್ಲಿ 15 ಲಕ್ಷ, ಇನ್ನೊಂದರಲ್ಲಿ 1.5 ಮಿಲಿಯನ್. “ಯಾವುದು ಸರಿ ಸಾರ್?” ಎರಡೂ ಸರಿ. ಮಿಲಿಯನ್ ಅಂದ್ರೆ 10⁶, ಲಕ್ಷ ಅಂದ್ರೆ 10⁵, ಕೋಟಿ ಅಂದ್ರೆ 10⁷. ನಮ್ಮ ಲಕ್ಷ ಕೋಟಿಗಳು ಎರಡೆರಡು ಸೊನ್ನೆ ಹಾರುತ್ತವೆ, ಮೆಟ್ರಿಕ್ ಏಣಿ ಮೂರು ಮೂರು ಹಾರುತ್ತದೆ. ಮಾತಾಡುವಾಗ ಲಕ್ಷ ಕೋಟಿ ಅನ್ನಿ, ಏನೂ ತೊಂದರೆ ಇಲ್ಲ. ಏಕಮಾನ ಬದಲಾಯಿಸೋಕೆ ಕೂತಾಗ ಮಾತ್ರ ಹತ್ತರ ಘಾತಕ್ಕೆ ತಂದುಕೊಳ್ಳಿ. ಆದಿತ್ಯ ಇರೋದು 1.5 × 10⁹ ಮೀಟರ್ ದೂರ, ಅಂದ್ರೆ 1.5 ಗಿಗಾಮೀಟರ್. ಸೂರ್ಯ ಅದರ ನೂರು ಪಟ್ಟು, ಸುಮಾರು 150 ಗಿಗಾಮೀಟರ್. ಅರಳೆ ಲೆಕ್ಕದಲ್ಲಿ ಸುಮಾರು 139 ಬೇಲ್.

ಆಮೇಲೆ ನಕ್ಷತ್ರ. ಬೆಳಕು ಒಂದು ವರ್ಷದಲ್ಲಿ ಹೋಗುವ ದೂರ, ಅಂದ್ರೆ ಒಂದು ಜ್ಯೋತಿರ್ವರ್ಷ, 9.46 × 10¹² ಕಿಲೋಮೀಟರ್. ಮೀಟರಿನಲ್ಲಿ 9.46 × 10¹⁵, ಏಣಿಯ ಪೆಟಾ ಮೆಟ್ಟಿಲು. ಸೂರ್ಯನನ್ನು ಬಿಟ್ಟರೆ ನಮಗೆ ಎಲ್ಲಕ್ಕಿಂತ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, 4.24 ಜ್ಯೋತಿರ್ವರ್ಷ ದೂರ. ನಮ್ಮ ದೇಶದಲ್ಲಿ ಈಚೆಗೆ ವರ್ಷಕ್ಕೆ ಸುಮಾರು 3 ಕೋಟಿ ಬೇಲ್ ಅರಳೆ ಬರ್ತದೆ. 3 × 10⁷ ಬೇಲ್, ಬೇಲಿಗೆ 1.08 × 10⁶ ಕಿಲೋಮೀಟರ್. ಗುಣಿಸಿದರೆ 3.24 × 10¹³ ಕಿಲೋಮೀಟರ್, ಸುಮಾರು 3.4 ಜ್ಯೋತಿರ್ವರ್ಷ. ದೇಶದ ಒಂದು ವರ್ಷದ ಹತ್ತಿಯೆಲ್ಲ ಎಳೆಎಳೆಯಾಗಿ ಜೋಡಿಸಿದರೂ ಆ ನಕ್ಷತ್ರ ಮುಟ್ಟೋಕೆ ಇನ್ನೂ 70 ಲಕ್ಷ ಬೇಲ್ ಕಡಿಮೆ ಬೀಳ್ತದೆ. “ಮಳೆ ಚೆನ್ನಾಗಾದ್ರೆ ಮುಟ್ಟಬಹುದು ಸಾರ್” ಅಂದ, ಮೊದಲು 0.028 ಬರೆದಿದ್ದ ಅದೇ ಹುಡುಗ.

ನಿಮಗೆ ಮೂರು ಲೆಕ್ಕ. ಒಂದು: ಎಳೆಯ ಉದ್ದ 31 ಮಿಲಿಮೀಟರ್, ಮೈಕ್ರೊನೇರ್ 3.8 ಇರುವ ಅರಳೆ ಒಂದು ಕಿಲೋ ಎಷ್ಟು ಕಿಲೋಮೀಟರ್? ಎರಡು: 15 ಮೈಕ್ರೋಮೀಟರ್ ಅಗಲದ ಎಳೆಗಳನ್ನು ಒಂದರ ಪಕ್ಕ ಒಂದು ಒತ್ತಾಗಿ ಇಟ್ಟರೆ 30 ಸೆಂಟಿಮೀಟರ್ ಸ್ಕೇಲಿನ ಉದ್ದಕ್ಕೆ ಎಷ್ಟು ಬೇಕು? ಮೂರು: ಹಸಿರು ಬೆಳಕಿನ ಒಂದು ಅಲೆಯ ಉದ್ದ 550 ನ್ಯಾನೋಮೀಟರ್, ಕಿಲೋಮೀಟರಿನಲ್ಲಿ ಎಷ್ಟು?

ಉತ್ತರ: ಒಂದು, ಸುಮಾರು 6,684 ಕಿಲೋಮೀಟರ್, 31 ಈ ಲೆಕ್ಕಕ್ಕೆ ಬೇಕಾಗಿಯೇ ಇರಲಿಲ್ಲ. ಎರಡು, 20,000. ಮೂರು, 5.5 × 10⁻¹⁰ ಕಿಲೋಮೀಟರ್. ಮೂರನೆಯದಕ್ಕೆ 10⁻⁴ ಅಂತ ಬಂದಿದ್ದರೆ ಏಣಿಯಲ್ಲಿ −9 − 3 ಮಾಡುವಾಗ −6 ಬರೆದಿದ್ದೀರಿ, ಇನ್ನೊಮ್ಮೆ ಇಳಿದು ನೋಡಿ.